ಕಾರ್ಡ್ ಕಳುವಾದ ಮೇಲೆ ಯಾರಿಗೆ ಫೋನ್ ಮಾಡಬೇಕು: ಕುಂಬಳೆಯಿಂದ ಒಂದು ವಿಮರ್ಶೆ

ಮೊದಲು ಮಾರ್ಕು ಹೇಳಿಬಿಡುತ್ತೇನೆ, ಆಮೇಲೆ ಕಾರಣ. 1930 ಸೈಬರ್ ಸಹಾಯವಾಣಿಗೆ ಐದರಲ್ಲಿ ನಾಲ್ಕು ಸ್ಟಾರ್. ನಮ್ಮ ದೊಡ್ಡಮ್ಮನ ಖಾತೆ ಇರುವ ಬ್ಯಾಂಕಿನ ಟೋಲ್ ಫ್ರೀ ನಂಬರಿಗೆ ಒಂದೂವರೆ, ಅದೂ ಕೊನೆಗೆ ಫೋನೆತ್ತಿದ ಹುಡುಗಿಯ ತಾಳ್ಮೆಗೆ. ಬ್ರಾಂಚಿಗೆ ಮೂರು. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಬೇರೆ ಬೇರೆ ಬ್ಯಾಂಕಿನಲ್ಲಿ ಖಾತೆ ಇರುವ ನೆಂಟರನ್ನು ಕೇಳಿ ನೋಡಿದೆ, ಹೆಚ್ಚು ಕಡಿಮೆ ಎಲ್ಲರೂ ಇದೇ ಕಥೆ ಹೇಳಿದರು. ಹಾಗಾಗಿ ಒಂದು ಬ್ಯಾಂಕನ್ನು ಬಯ್ದು ಪ್ರಯೋಜನವಿಲ್ಲ. ಕಾರ್ಡ್ ಕಳುವಾದ ಮೊದಲ ಅರ್ಧ ಗಂಟೆಯಲ್ಲಿ ಈ ಸೇವೆಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಅನ್ನುವುದನ್ನು ಮಾತ್ರ ಬರೆಯುತ್ತೇನೆ. ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕಿನ ಕನ್ನಡದವರಿಗೆ ಇದರಲ್ಲಿ ಬೇರೆಯೇ ಒಂದು ತೊಂದರೆ ಇದೆ, ಅದನ್ನು ಹೇಳಲೇಬೇಕು.

ದೊಡ್ಡಮ್ಮ ಇರುವುದು ನೀರ್ಚಾಲಿನ ಹತ್ತಿರ. ಕಣ್ಣು ತೋರಿಸಲು ಮಂಗಳೂರಿಗೆ ಹೋಗಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬದಿಯಡ್ಕದ ಬಸ್ಸು ಹಿಡಿಯಲು ಕುಂಬಳೆಯಲ್ಲಿ ಇಳಿದು ನೋಡಿದರೆ ಬ್ಯಾಗಿನ ಜಿಪ್ ತೆರೆದಿದೆ, ಒಳಗಿನ ಪರ್ಸ್ ಇಲ್ಲ. ಅದರಲ್ಲಿ ಡೆಬಿಟ್ ಕಾರ್ಡ್, ಪಾಸ್‌ಬುಕ್, ಆಧಾರಿನ ಜೆರಾಕ್ಸ್, ಆಸ್ಪತ್ರೆಯ ಚೀಟಿ. ಆ ಚೀಟಿಯಲ್ಲಿ ಅವರ ಹೆಸರು, ವಯಸ್ಸು, ಮೊಬೈಲ್ ನಂಬರ್ ಎಲ್ಲ ಅಚ್ಚಾಗಿ ಇತ್ತು. ಫೋನ್ ಮಾತ್ರ ಕೈಯಲ್ಲಿ ಉಳಿದಿತ್ತು. ನನಗೆ ಫೋನ್ ಮಾಡಿದರು. ನಾನು ಕುಂಬಳೆಯಲ್ಲೇ ಇರುವುದರಿಂದ ಕೂಡಲೇ ಬಸ್ ಸ್ಟ್ಯಾಂಡಿಗೆ ಹೋದೆ.

ಈಗ ಬ್ಯಾಂಕಿನ ಸಹಾಯವಾಣಿಯ ವಿಷಯ. ಕಾರ್ಡ್ ಕಳೆದರೆ ಯಾವ ನಂಬರಿಗೆ ಕರೆ ಮಾಡಬೇಕು ಅನ್ನುವುದನ್ನು ಬ್ಯಾಂಕಿನವರು ಎಲ್ಲಿ ಅಚ್ಚು ಹಾಕುತ್ತಾರೆ ಹೇಳಿ? ಕಾರ್ಡಿನ ಹಿಂಬದಿಯಲ್ಲಿ. ಆ ಕಾರ್ಡ್ ಈಗ ಕಳ್ಳನ ಕೈಯಲ್ಲಿದೆ. ಪಾಸ್‌ಬುಕ್ಕಿನಲ್ಲೂ ನಂಬರ್ ಇರುತ್ತದೆ, ಅದೂ ಹೋಗಿದೆ. ಆಗ ಜನ ಏನು ಮಾಡುತ್ತಾರೆ? ಗೂಗಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಕಸ್ಟಮರ್ ಕೇರ್ ಅಂತ ಬ್ಯಾಂಕಿನ ಹೆಸರು ಹಾಕಿ ತಮ್ಮ ಸ್ವಂತ ಮೊಬೈಲ್ ನಂಬರ್ ತೂರಿಸುವ ವಂಚಕರು ಕಾದು ಕುಳಿತಿರುತ್ತಾರೆ. ಪಕ್ಕದಲ್ಲಿದ್ದ ಒಬ್ಬರು ಪಾಪ ಸಹಾಯ ಮಾಡಲು ಹೋಗಿ ಹೀಗೇ ಹುಡುಕಿ ಒಂದು ಹತ್ತಂಕಿಯ ಮೊಬೈಲ್ ನಂಬರ್ ತೋರಿಸಿದರು. ಬೇಡ ಅಂದೆ. ಬ್ಯಾಂಕಿನ ಸ್ವಂತ ಸೈಟಿಗೆ ಹೋಗಿ ಅಲ್ಲಿಂದಲೇ ನಂಬರ್ ತೆಗೆದೆ. ಈಗ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳ ವೆಬ್‌ಸೈಟನ್ನೂ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಕೊನೆಯಾಗುವ ವಿಳಾಸಕ್ಕೆ ಬದಲಿಸಲು ಆದೇಶಿಸಿದೆ. 2025ರ ಅಕ್ಟೋಬರ್ 31 ಅದಕ್ಕೆ ಕೊಟ್ಟ ಗಡುವು. ಹುಡುಕುವಾಗ ಆ ಕೊನೆಯ ಭಾಗ ನೋಡಿದರೆ ಅಸಲಿ ಯಾವುದು ಅಂತ ಗೊತ್ತಾಗುತ್ತದೆ.

ನಂಬರ್ ಸಿಕ್ಕಿತು, ಕರೆ ಹೋಯಿತು. ಮೊದಲು ಸ್ವಾಗತ. ನಂತರ ಒಂದು ಸಾಲದ ಜಾಹೀರಾತು. ನಂತರ ಭಾಷೆ ಆರಿಸಿ ಅಂತ. ಕನ್ನಡ ಪಟ್ಟಿಯಲ್ಲಿ ತುಂಬಾ ಕೆಳಗೆ. ಕನ್ನಡ ಒತ್ತಿದ ಮೇಲೆ ಬ್ಯಾಲೆನ್ಸಿಗೆ ಒಂದು, ಚೆಕ್ ಬುಕ್ಕಿಗೆ ಎರಡು ಅಂತ ಹೇಳುತ್ತಾ ಹೇಳುತ್ತಾ ಕಾರ್ಡ್ ಬ್ಲಾಕಿನ ಹತ್ತಿರ ಬಂತು. ಆಮೇಲೆ ಮೆಷಿನ್ ಕೇಳಿದ್ದು ಏನು ಗೊತ್ತಾ? ಕಾರ್ಡಿನ 16 ಅಂಕಿ ಒತ್ತಿ, ಇಲ್ಲವಾದರೆ ಖಾತೆ ಸಂಖ್ಯೆ ಒತ್ತಿ ಅಂತ. ಕಾರ್ಡ್ ಕಳೆದುಕೊಂಡವರ ಹತ್ತಿರ ಕಾರ್ಡಿನ ನಂಬರ್ ಕೇಳುವುದು! ಖಾತೆ ಸಂಖ್ಯೆ ಪಾಸ್‌ಬುಕ್ಕಿನಲ್ಲಿತ್ತು. ವಯಸ್ಸಾದವರಿಗೆ ಅದು ಬಾಯಿಪಾಠ ಇರುತ್ತದೆಯೇ? ನಾನು ನನ್ನ ಫೋನಿನಿಂದ ಕರೆ ಮಾಡಿದ್ದೆ. ರಿಜಿಸ್ಟರ್ ಆದ ನಂಬರ್ ಅಲ್ಲವಾದ್ದರಿಂದ ಮೆಷಿನಿಗೆ ಯಾರ ಖಾತೆ ಅಂತ ತಿಳಿಯಲಿಲ್ಲ. ದೊಡ್ಡಮ್ಮನ ಫೋನಿನಿಂದ ಮಾಡೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಆ ಫೋನೇ ರಿಂಗಾಯಿತು.

ಕರೆ ಮಾಡಿದವನು ಕನ್ನಡದಲ್ಲಿ ಮಾತಾಡಿದ. ನಮ್ಮ ಕಡೆಯ ಕನ್ನಡ ಅಲ್ಲ, ಆದರೆ ಸ್ಪಷ್ಟ, ಮೆತ್ತಗಿನ ಕನ್ನಡ. ನಾನು ಸ್ಪೀಕರ್ ಹಾಕಲು ಹೇಳಿದೆ. "ನಮಸ್ಕಾರ ಅಮ್ಮ, ನಿಮ್ಮ ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ನಿಮ್ಮ ಕಾರ್ಡನ್ನು ಯಾರೋ ಎಟಿಎಮ್ಮಿನಲ್ಲಿ ಹಾಕಲು ನೋಡುತ್ತಿದ್ದಾರೆ, ಕಾರ್ಡ್ ನಿಮ್ಮ ಹತ್ತಿರ ಇದೆಯಾ" ಅಂತ ಕೇಳಿದ. ಇಲ್ಲ, ಕಳುವಾಯಿತು ಅಂದರು ದೊಡ್ಡಮ್ಮ. "ಹೆದರಬೇಡಿ ಅಮ್ಮ, ನಾವು ಈಗಲೇ ಬ್ಲಾಕ್ ಮಾಡುತ್ತೇವೆ" ಅಂದ. ಪೂರ್ತಿ ಹೆಸರು ಹೇಳಿದ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿದ. ದೊಡ್ಡಪ್ಪನ ಹೆಸರು, ಮನೆಯ ವಿಳಾಸ, ಹುಟ್ಟಿದ ದಿನ. ಬ್ಯಾಂಕಿನವರಲ್ಲದೆ ಇನ್ಯಾರಿಗೆ ಇದೆಲ್ಲ ಗೊತ್ತಿರುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಅದೆಲ್ಲವೂ ಕದ್ದ ಪರ್ಸಿನಲ್ಲೇ ಇತ್ತು ಅನ್ನುವುದು ಆ ಗಾಬರಿಯಲ್ಲಿ ಯಾರ ತಲೆಗೆ ಹೊಳೆಯುತ್ತದೆ?

"ಈಗ ನಿಮಗೆ ಒಂದು ಮೆಸೇಜ್ ಬರುತ್ತದೆ, ಅದರಲ್ಲಿ ಆರು ಅಂಕಿ ಇರುತ್ತದೆ, ಅದನ್ನು ಹೇಳಿದರೆ ಕಾರ್ಡ್ ಬಂದ್." ಮೆಸೇಜ್ ಬಂದೇಬಿಟ್ಟಿತು. ಬ್ಯಾಂಕಿನ ಅಸಲಿ ಹೆಸರಿನಿಂದಲೇ ಬಂತು. ಪಿಂಚಣಿ ಜಮೆಯಾದ ಮೆಸೇಜುಗಳು ಇರುವ ಅದೇ ಸಾಲಿನಲ್ಲಿ, ಅವುಗಳ ಕೆಳಗೆ.

ಇಲ್ಲಿ ಸ್ವಲ್ಪ ನಿಂತು ಇದು ಹೇಗೆ ನಡೆಯುತ್ತದೆ ಅಂತ ಹೇಳಬೇಕು. ಬಹಳ ಜನ ಈ ಮೆಸೇಜೇ ನಕಲಿ ಅಂದುಕೊಳ್ಳುತ್ತಾರೆ. ಅಲ್ಲ, ಅದು ಅಸಲಿ. ಕಾರ್ಡ್ ಕದ್ದವನಿಗೆ ಪಿನ್ ಗೊತ್ತಿಲ್ಲ. ಆದರೆ ಈಗ ಹಲವು ಬ್ಯಾಂಕುಗಳಲ್ಲಿ ಎಟಿಎಮ್ಮಿನಲ್ಲೇ ಹೊಸ ಪಿನ್ ಮಾಡಿಕೊಳ್ಳುವ ಸೌಲಭ್ಯ ಇದೆ, ಗ್ರೀನ್ ಪಿನ್ ಅನ್ನುತ್ತಾರೆ. ಕಾರ್ಡ್ ತೂರಿಸಿ ಪಿನ್ ಮರೆತಿದ್ದೇನೆ ಅಂತ ಒತ್ತಿದರೆ ಖಾತೆದಾರರ ಮೊಬೈಲಿಗೆ ಒಟಿಪಿ ಹೋಗುತ್ತದೆ. ಅದನ್ನು ಹಾಕಿದರೆ ಹೊಸ ಪಿನ್ ತಯಾರು. ಅಂದರೆ ಕಳ್ಳನೋ ಅವನ ಜೊತೆಯವನೋ ಎಟಿಎಮ್ ಮುಂದೆ ನಿಂತು ಅಸಲಿ ಒಟಿಪಿಯನ್ನು ನಿಮ್ಮ ಫೋನಿಗೆ ಕಳಿಸುತ್ತಾನೆ. ಆಮೇಲೆ ಬ್ಯಾಂಕಿನವನ ದನಿಯಲ್ಲಿ ಅದನ್ನು ನಿಮ್ಮಿಂದಲೇ ಕೇಳಿ ಪಡೆಯುತ್ತಾನೆ. ಆನ್‌ಲೈನ್ ಖರೀದಿಗೂ ಹೀಗೆಯೇ. ಕಾರ್ಡಿನ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿ ಎಲ್ಲ ಅವನ ಕಣ್ಣೆದುರೇ ಇದೆ. ಬಾಕಿ ಇರುವುದು ಒಟಿಪಿ ಒಂದೇ. ಸ್ಟೇಟ್ ಬ್ಯಾಂಕಿನಲ್ಲಿ 2020ರಿಂದ 10,000 ರೂ. ಅಥವಾ ಅದಕ್ಕಿಂತ ಹೆಚ್ಚು ಹಣ ಎಟಿಎಮ್ಮಿನಿಂದ ತೆಗೆಯಲು ಪಿನ್ ಜೊತೆ ಒಟಿಪಿಯೂ ಬೇಕು. ಅದು ಒಳ್ಳೆಯ ವ್ಯವಸ್ಥೆ. ಆದರೆ ಫೋನಿನಲ್ಲಿ ಆ ಒಟಿಪಿಯನ್ನೂ ಹೇಳಿಬಿಟ್ಟರೆ ಏನೂ ಉಳಿಯುವುದಿಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಕಾರ್ಡ್ ಬ್ಲಾಕ್ ಮಾಡಲು ನೀವು ಒಟಿಪಿಯನ್ನು ಇನ್ನೊಬ್ಬರಿಗೆ ಓದಿ ಹೇಳುವ ಅಗತ್ಯವೇ ಇಲ್ಲ. ನಿಮಗೆ ತಾನಾಗಿ ಫೋನ್ ಮಾಡಿ ಒಟಿಪಿ ಕೇಳಿದವನು ಕಳ್ಳ. ಬೇರೆ ಪರೀಕ್ಷೆ ಬೇಡ.

ದೊಡ್ಡಮ್ಮ ಮೆಸೇಜ್ ತೆರೆದರು. ಅವರು ಕನ್ನಡ ಮೀಡಿಯಂನಲ್ಲಿ ಕಲಿತವರು. ದಿನಾ ಪೇಪರ್ ಓದುತ್ತಾರೆ, ಭಾಗವತಿಕೆಯ ಪದಗಳು ಬಾಯಲ್ಲೇ ಇವೆ, ಆದರೆ ಇಂಗ್ಲಿಷ್ ಓದಲು ಬರುವುದಿಲ್ಲ. ಮೆಸೇಜ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ಇದು ಹೊಸ ಪಿನ್ ಮಾಡುವ ಒಟಿಪಿ, ಯಾರಿಗೂ ಹೇಳಬೇಡಿ, ಬ್ಯಾಂಕ್ ಇದನ್ನು ಎಂದೂ ಕೇಳುವುದಿಲ್ಲ ಅಂತ ಅದರಲ್ಲೇ ಬರೆದಿತ್ತು. ಅವರಿಗೆ ಅದರಲ್ಲಿ ಅರ್ಥವಾದದ್ದು ಆರು ಅಂಕಿ ಮಾತ್ರ. ಬ್ಯಾಂಕಿನ ಎಚ್ಚರಿಕೆ ಇಂಗ್ಲಿಷಿನಲ್ಲಿ, ಕಳ್ಳನ ಮಾತು ಕನ್ನಡದಲ್ಲಿ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ, ವರ್ಕಾಡಿ, ಎಲ್ಲಿ ಬೇಕಾದರೂ ನೋಡಿ, ಇಂಥ ಹಿರಿಯರು ಮನೆಗೊಬ್ಬರು ಇದ್ದಾರೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳು ನಡೆದವು, ಈಗಲೂ ನಡೆಯುತ್ತಿವೆ. ಅವರ ಪಿಂಚಣಿ, ಅಡಿಕೆ ಮಾರಿದ ಹಣ, ಮಕ್ಕಳು ಗಲ್ಫಿನಿಂದ ಕಳಿಸಿದ ಹಣ ಎಲ್ಲ ಇದೇ ಬ್ಯಾಂಕುಗಳಲ್ಲಿ ಇದೆ. ಅವರ ಹಣ ಇಟ್ಟುಕೊಂಡವರು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಎರಡು ಸಾಲು ಎಚ್ಚರಿಕೆ ಕೊಡಬಾರದೇ? ಮೊಬೈಲಿನಲ್ಲಿ ಕನ್ನಡ ಅಕ್ಷರ ಮೂಡದ ಕಾಲ ಇದಲ್ಲ. ಒಂದೂವರೆ ಸ್ಟಾರ್ ಕೊಟ್ಟದ್ದು ಮುಖ್ಯವಾಗಿ ಇದಕ್ಕೇ.

ಆದರೆ ದೊಡ್ಡಮ್ಮ ಅಂಕಿ ಹೇಳಲಿಲ್ಲ. ನಾನು ಬೇಡ ಅಂತ ಕೈ ಮಾಡುವ ಮೊದಲೇ ಅವರೇ ಕೇಳಿದರು: "ನೀವು ಯಾವ ಬ್ರಾಂಚಿನವರು ಮಾರಾಯ್ರೆ? ನಾನು ಅಲ್ಲಿಗೇ ಬರುತ್ತೇನೆ, ಬಸ್ಸಿಗೆ ಇಷ್ಟು ಹೊತ್ತು ಸಾಕು." ಅವನು ಹೆಡ್ ಆಫೀಸು ಅಂದ. ಅಲ್ಲಿಗೆ ಬರುವಷ್ಟರಲ್ಲಿ ಹಣ ಹೋಗುತ್ತದೆ ಅಂದ. ನಂತರ ಗಂಟಲು ಏರಿಸಿದ. ಹೇಳದಿದ್ದರೆ ಖಾತೆಯೇ ಬಂದ್ ಆಗುತ್ತದೆ, ಪಿಂಚಣಿ ಬರುವುದಿಲ್ಲ ಅಂತ ಹೆದರಿಸಿದ. ದೊಡ್ಡಮ್ಮ ಫೋನ್ ಇಟ್ಟರು. ಮತ್ತೆ ಮತ್ತೆ ರಿಂಗಾಯಿತು, ಎತ್ತಲಿಲ್ಲ. ನಾವು ಇಂಥವರನ್ನು ಏನೂ ಗೊತ್ತಿಲ್ಲದವರು ಅಂದುಕೊಳ್ಳುತ್ತೇವೆ, ಅಲ್ವಾ? ಹತ್ತಾರು ವರ್ಷ ಒಂದೇ ಬ್ರಾಂಚಿಗೆ ಹೋಗಿ ಬಂದ ರೂಢಿ ಅವರನ್ನು ಕಾಪಾಡಿತು. ಬ್ಯಾಂಕ್ ಅಂದರೆ ಅವರಿಗೆ ಒಂದು ಕಟ್ಟಡ, ಒಂದು ಕೌಂಟರ್, ಪರಿಚಯದ ಮುಖ. ಫೋನಿನಲ್ಲಿ ಅವಸರ ಮಾಡುವ ದನಿ ಅವರಿಗೆ ಬ್ಯಾಂಕ್ ಅನಿಸಲೇ ಇಲ್ಲ.

ನಂತರ ಅವರದೇ ಫೋನಿನಿಂದ ಟೋಲ್ ಫ್ರೀಗೆ ಕರೆ ಮಾಡಿದೆವು. ರಿಜಿಸ್ಟರ್ ಆದ ನಂಬರಾದ್ದರಿಂದ ಮೆಷಿನ್ ಖಾತೆ ಗುರುತು ಹಿಡಿಯಿತು. ಆದರೂ ಮನುಷ್ಯರ ದನಿ ಕೇಳಲು ತುಂಬಾ ಕಾಯಬೇಕಾಯಿತು. ಕನ್ನಡ ಒತ್ತಿದ್ದೆವು, ಫೋನೆತ್ತಿದ ಹುಡುಗಿ ಹಿಂದಿಯಲ್ಲಿ ಶುರು ಮಾಡಿದಳು. ಕನ್ನಡದವರು ಯಾರೂ ಖಾಲಿ ಇಲ್ಲ ಅಂದಳು. ನನಗೆ ಹಿಂದಿ ಬರುವುದರಿಂದ ನಡೆಯಿತು. ದೊಡ್ಡಮ್ಮ ಒಬ್ಬರೇ ಇದ್ದಿದ್ದರೆ? ಆ ಹುಡುಗಿ ಒಳ್ಳೆಯವಳು, ಅವಸರ ಮಾಡದೆ ಎಲ್ಲ ಕೇಳಿಕೊಂಡು ಕಾರ್ಡ್ ಬ್ಲಾಕ್ ಮಾಡಿ ದೂರಿನ ನಂಬರ್ ಕೊಟ್ಟಳು. ಆ ನಂಬರನ್ನು ಸಮಯದ ಸಮೇತ ಬರೆದಿಟ್ಟುಕೊಂಡದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಯಾಕೆಂದರೆ ಬ್ಲಾಕ್ ಆಗುವ ಮೊದಲೇ ಎರಡು ಸಲ ಕಾರ್ಡ್ ಟ್ಯಾಪ್ ಮಾಡಿ, ಅಂದರೆ ಪಿನ್ ಒತ್ತದೆ ಮೆಷಿನಿಗೆ ತಾಗಿಸಿ, ಮಂಗಳೂರಿನ ಅಂಗಡಿಗಳಲ್ಲಿ ಸಾಮಾನು ಕೊಂಡಿದ್ದರು. ಎರಡೂ 5,000 ರೂ. ಒಳಗೆ. 2021ರ ಜನವರಿ 1ರಿಂದ ಅಷ್ಟರವರೆಗೆ ಟ್ಯಾಪ್ ಮಾಡಲು ಪಿನ್ ಬೇಡ, ಮೊದಲು ಇದು 2,000 ಇತ್ತು. ಹೊಸ ಕಾರ್ಡ್ ಕೊಡುವಾಗ ಟ್ಯಾಪ್, ಆನ್‌ಲೈನ್, ವಿದೇಶಿ ಬಳಕೆ ಮೂರೂ ಆಫ್ ಇರಬೇಕು, ಬೇಕಾದವರು ಆನ್ ಮಾಡಿಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕಿನ 2020ರ ನಿಯಮ ಇದೆ. ದೊಡ್ಡಮ್ಮನ ಕಾರ್ಡಿನಲ್ಲಿ ಟ್ಯಾಪ್ ಆನ್ ಆಗಿತ್ತು. ಅವರು ಕೇಳಿರಲಿಲ್ಲ. ಪಿನ್ ಮಾಡಿಕೊಟ್ಟವರು ಯಾರೋ ಎಲ್ಲದಕ್ಕೂ ಹೌದು ಒತ್ತಿದ್ದಿರಬೇಕು. ನಿಮ್ಮ ಮನೆಯ ಹಿರಿಯರ ಕಾರ್ಡುಗಳನ್ನು ಇವತ್ತೇ ಒಮ್ಮೆ ನೋಡಿ. ಬ್ಯಾಂಕಿನ ಆಪಿನಲ್ಲಿ ಅಥವಾ ಎಟಿಎಮ್ಮಿನಲ್ಲೇ ಆಫ್ ಮಾಡಬಹುದು.

ಈಗ 1930. ಇದು ಹಣದ ವಂಚನೆಗಾಗಿ ಇಡೀ ದೇಶಕ್ಕೆ ಇರುವ ಸಹಾಯವಾಣಿ. ಮೊದಲು 155260 ಅಂತ ಇತ್ತು, 2022ರಲ್ಲಿ 1930 ಆಯಿತು. ಒಂದು ತಪ್ಪು ತಿಳಿವಳಿಕೆ ಹಲವರಲ್ಲಿದೆ. 1930ಕ್ಕೆ ಹೇಳಿದರೆ ಕಾರ್ಡ್ ಬ್ಲಾಕ್ ಆಗುತ್ತದೆ ಅಂದುಕೊಳ್ಳುತ್ತಾರೆ. ಅದು ಬ್ಯಾಂಕಿನ ಕೆಲಸ. ಮೊದಲು ಬ್ಯಾಂಕಿಗೆ ಹೇಳಿ ಬ್ಲಾಕ್ ಮಾಡಿಸಿ, ಕೂಡಲೇ 1930. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ಎಲ್ಲಿ ನಿಂತಿದೆಯೋ ಆ ಬ್ಯಾಂಕಿಗೆ ಸೂಚನೆ ಕಳಿಸಿ ತಡೆಹಿಡಿಯುವುದು 1930ರ ಕೆಲಸ. ಅದಕ್ಕೇ ಮೊದಲ ಒಂದು ಗಂಟೆಗೆ ಅಷ್ಟು ಬೆಲೆ. ನಮ್ಮ ಕರೆ ಸ್ವಲ್ಪ ಹೊತ್ತಿಗೇ ಸಿಕ್ಕಿತು. ಮಾತಾಡಿದವರು ಮಲಯಾಳದಲ್ಲಿ ಮಾತಾಡಿದರು, ನಾನು ಹರಕು ಮುರುಕು ಮಲಯಾಳದಲ್ಲಿ ಉತ್ತರಿಸಿದೆ, ಅವರು ಒಂದು ಸಲವೂ ಬೇಸರ ಮಾಡಲಿಲ್ಲ. ಖಾತೆ ಸಂಖ್ಯೆ, ವ್ಯವಹಾರದ ನಂಬರ್, ಮೊತ್ತ, ಸಮಯ, ಕರೆ ಬಂದ ಫೋನ್ ನಂಬರ್ ಕೇಳಿದರು. ಆಗಲೇ ಮೆಸೇಜಿನಲ್ಲಿ ದೂರಿನ ಸಂಖ್ಯೆ ಬಂತು. ಅದನ್ನು ಇಟ್ಟುಕೊಂಡು 24 ಗಂಟೆಯೊಳಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಪೂರ್ತಿ ದೂರು ತುಂಬಬೇಕು ಅಂತ ಹೇಳಿಕೊಟ್ಟರು. ಕೈಯಲ್ಲಿ ಕಂಪ್ಯೂಟರ್ ಇಲ್ಲದವರು ಕೇರಳ ಸರ್ಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋಗಬಹುದು, ನಾವು ಅಲ್ಲೇ ತುಂಬಿದೆವು. ನಮ್ಮ ವಿಷಯದಲ್ಲಿ ಸಾಮಾನು ಅಂಗಡಿಯಿಂದ ಹೊರಟುಹೋಗಿತ್ತು, ತಡೆಹಿಡಿಯಲು ಹಣ ಎಲ್ಲೂ ನಿಂತಿರಲಿಲ್ಲ. ಅವರು ಅದನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು. ಸುಮ್ನೆ ಆಸೆ ಹುಟ್ಟಿಸಲಿಲ್ಲ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಾಸರಗೋಡಿನ ಕರೆಗಳಿಗೆ ಕನ್ನಡ ಬಲ್ಲವರೊಬ್ಬರು ಇಲ್ಲದ್ದಕ್ಕೆ.

ಕರೆ ಮಾಡಿದವನ ನಂಬರನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನ ಚಕ್ಷು ವಿಭಾಗದಲ್ಲೂ ಹಾಕಿದೆವು. ಅದು 2024ರ ಮಾರ್ಚಿನಲ್ಲಿ ಶುರುವಾದದ್ದು. ಹಣ ಹೋಗದೆ ಬರೀ ಕರೆ ಬಂದಿದ್ದರೂ ಅಲ್ಲಿ ತಿಳಿಸಬಹುದು. ಹಣ ಹೋಗಿದ್ದರೆ 1930ಕ್ಕೇ ಹೇಳಬೇಕು, ಎರಡನ್ನು ಬೆರೆಸಬೇಡಿ.

ಪೊಲೀಸ್ ಠಾಣೆಯಲ್ಲಿ ನಮಗೆ ಗಡಿಯ ತಲೆನೋವು ಎದುರಾಯಿತು. ಪರ್ಸ್ ಕಳುವಾದದ್ದು ತಲಪಾಡಿಯ ಆಚೆಯೋ ಈಚೆಯೋ ಹೇಳಿ ಅಂದರು. ಕಾರ್ಡ್ ಬಳಸಿದ್ದು ಮಂಗಳೂರಿನಲ್ಲಿ, ಅಲ್ಲಿ ದೂರು ಕೊಡಿ ಅಂದರು. ನಮಗೆ ಬರವಣಿಗೆಯಲ್ಲಿ ದೂರು ಬೇಕಿತ್ತು, ಬ್ಯಾಂಕಿಗೆ ಕೊಡಬೇಕಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಜೀರೋ ಎಫ್‌ಐಆರ್ ಅನ್ನುವುದು ಅದನ್ನೇ. ಅದನ್ನು ನೆನಪಿಸಿದ ಮೇಲೆ ದೂರು ತೆಗೆದುಕೊಂಡರು, ಆಮೇಲೆ ಚೆನ್ನಾಗಿಯೇ ಮಾತಾಡಿದರು. ದೂರನ್ನು ದೊಡ್ಡಮ್ಮ ತಮ್ಮ ಕೈಯಾರೆ ಕನ್ನಡದಲ್ಲೇ ಬರೆದರು. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ಸರ್ಕಾರಕ್ಕೆ, ಈ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಅವಕಾಶ ಇದೆ. ಕೇಳಿ ಪಡೆಯಬೇಕು, ಅಷ್ಟೇ.

ಮರುದಿನ ಬ್ರಾಂಚಿಗೆ ಹೋದೆವು. ಫಾರ್ಮುಗಳು ಮಲಯಾಳ, ಹಿಂದಿ, ಇಂಗ್ಲಿಷಿನಲ್ಲಿ ಇದ್ದವು. ಆದರೆ ಕೌಂಟರಿನಲ್ಲಿದ್ದವರು ತುಳುವಿನಲ್ಲೇ ಮಾತಾಡಿಸಿ, ಕೂರಿಸಿ, ನೀರು ಕೊಟ್ಟು, ಫಾರ್ಮ್ ತುಂಬಿಸಿಕೊಟ್ಟರು. ಆ ಮೂರು ಸ್ಟಾರ್ ಅವರದ್ದು. ಒಳಗೆ ಕುಳಿತ ಅಧಿಕಾರಿ ಮಾತ್ರ "ಟ್ಯಾಪ್ ಮಾಡಿ ಹೋದ ಹಣ ಬರುವುದಿಲ್ಲ, ಕಾರ್ಡ್ ಜಾಗ್ರತೆಯಾಗಿ ಇಡಬೇಕಿತ್ತು" ಅಂದರು. ಇದನ್ನು ನಂಬಿ ವಾಪಸ್ ಬರುವವರು ಎಷ್ಟೋ ಜನ. ಅದಕ್ಕೇ ನಿಯಮ ಬರೆಯುತ್ತೇನೆ, ಓದಿ ಇಟ್ಟುಕೊಳ್ಳಿ.

2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರ ಒಪ್ಪಿಗೆ ಇಲ್ಲದೆ ನಡೆದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ಯಾರ ಹೊಣೆ ಎಷ್ಟು ಅನ್ನುವುದು ಅದರಲ್ಲಿದೆ. ತಪ್ಪು ಬ್ಯಾಂಕಿನದಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರದ್ದು ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದವರ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂ. ತನಕ, ಕನಿಷ್ಠ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆಗೆ 5,000 ರೂ. ತನಕ ನಮ್ಮ ಹೊಣೆ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಆ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲೆ. ಒಟಿಪಿ ಅಥವಾ ಪಿನ್ ಹೇಳಿಕೊಟ್ಟು ಹಣ ಹೋದರೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ಅಲ್ಲಿಯೂ ಒಂದು ಮುಖ್ಯ ಮಾತಿದೆ: ತಿಳಿಸಿದ ಮೇಲೆ ಹೋದ ಹಣ ಬ್ಯಾಂಕಿನ ತಲೆಗೆ. ಆದ್ದರಿಂದ ಒಟಿಪಿ ಹೇಳಿಬಿಟ್ಟವರೂ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ, ಆ ಕ್ಷಣವೇ ಫೋನ್ ಮಾಡಿ. ಮನೆಯವರು ಬಯ್ಯುತ್ತಾರೆ ಅಂತ ಹೆದರಿ ಎರಡು ದಿನ ಬಾಯಿ ಬಿಡದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬಯ್ಯಬೇಡಿ.

ಸುತ್ತೋಲೆಯ ತಾರೀಖು, ದೂರಿನ ನಂಬರ್, ಬ್ಲಾಕ್ ಮಾಡಿಸಿದ ಸಮಯ, ಠಾಣೆಯ ರಸೀದಿ ಎಲ್ಲ ಸೇರಿಸಿ ಬರೆದುಕೊಟ್ಟೆವು. ಅದರ ನಕಲು ಪ್ರತಿಗೆ ಸೀಲು ಹಾಕಿಸಿಕೊಂಡೆವು. ಅದೇ ಅಧಿಕಾರಿ ಆಮೇಲೆ ಏನೂ ವಾದ ಮಾಡಲಿಲ್ಲ. ಹೋದ ಹಣ ಹೇಳಿದ ಅವಧಿಯೊಳಗೆ ಖಾತೆಗೆ ಬಂತು. ಬಾರದೆ ಇದ್ದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯಬೇಕು ಅಂತ ಇದ್ದೆವು. 2021ರ ನವೆಂಬರಿನಲ್ಲಿ ಬೇರೆ ಬೇರೆ ಇದ್ದ ಓಂಬುಡ್ಸ್‌ಮನ್ ಯೋಜನೆಗಳೆಲ್ಲ ಒಂದೇ ಯೋಜನೆಯಡಿ ಬಂದ ಮೇಲೆ ಅದು ಸುಲಭ ಆಗಿದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾಯಬೇಕು, ಶುಲ್ಕ ಇಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ಹೇಗೆ ಬರೆಯಬೇಕು ಅಂತ ಹೇಳುತ್ತಾರೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ರಿಸರ್ವ್ ಬ್ಯಾಂಕಿಗೆ ಸಾಧ್ಯವಾದದ್ದು ಬ್ಯಾಂಕಿಗೆ ಯಾಕೆ ಸಾಧ್ಯವಿಲ್ಲ?

ಇನ್ನೊಂದು ವಿಷಯ ನಮ್ಮ ಕಡೆಯವರು ಗಮನಿಸಬೇಕು. ಇಲ್ಲಿಯ ಹಳೆಯ ಖಾತೆಗಳು ಬಹಳಷ್ಟು ದಕ್ಷಿಣ ಕನ್ನಡ, ಉಡುಪಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಇದ್ದವು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಿರಿಯರು ಈಗಲೂ ಹಳೆಯ ಹೆಸರೇ ಹೇಳುತ್ತಾರೆ. ಬ್ಯಾಂಕ್ ಬದಲಾಗಿದೆ, ಹಳೆಯ ಕಾರ್ಡ್ ನಡೆಯುವುದಿಲ್ಲ, ಕೆವೈಸಿ ಮಾಡಿ ಅಂತ ಫೋನ್ ಬಂದರೆ ಅವರಿಗೆ ಸಂಶಯವೇ ಬರುವುದಿಲ್ಲ, ಯಾಕೆಂದರೆ ಬ್ಯಾಂಕ್ ಬದಲಾದದ್ದು ನಿಜ. ಆ ವಿಲೀನದ ಕೆಲಸ ಮುಗಿದು ವರ್ಷಗಳೇ ಆದವು. ಈಗ ಯಾರೂ ಅದಕ್ಕಾಗಿ ಫೋನ್ ಮಾಡಬೇಕಾಗಿಲ್ಲ ಅಂತ ಅವರಿಗೆ ಹೇಳಿಡಿ. ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಹೆಸರು ಬಂತು ಅಂತಲೂ ನಂಬಬೇಡಿ. ಅಲ್ಲಿ ಹೆಸರು ಹಾಕುವವರು ಜನರೇ. ಬ್ಯಾಂಕಿನ ಸೇವಾ ಕರೆಗಳಿಗೆ ಈಗ 1600ರಿಂದ ಶುರುವಾಗುವ ನಂಬರುಗಳನ್ನು ಕೊಟ್ಟಿದ್ದಾರೆ. ಮಾಮೂಲಿ ಮೊಬೈಲ್ ನಂಬರಿನಿಂದ ಬ್ಯಾಂಕ್ ಅಂತ ಯಾರಾದರೂ ಮಾತಾಡಿದರೆ ಇಟ್ಟುಬಿಡಿ, ಬೇಕಿದ್ದರೆ ನೀವೇ ವಾಪಸ್ ಬ್ಯಾಂಕಿನ ನಂಬರಿಗೆ ಮಾಡಿ.

ನಮ್ಮ ಮನೆಯಲ್ಲಿ ಈಗ ಬ್ಯಾಂಕಿನ ಟೋಲ್ ಫ್ರೀ ನಂಬರ್, ಕಾರ್ಡಿನ ಕೊನೆಯ ನಾಲ್ಕು ಅಂಕಿ, 1930 ಇಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ. ದೊಡ್ಡಮ್ಮನ ಫೋನಿನಲ್ಲಿ ಕನ್ನಡದಲ್ಲಿ 'ಕಾರ್ಡ್ ಬಂದ್' ಅಂತ ಸೇವ್ ಮಾಡಿದ್ದೇವೆ. ಸ್ಟೇಟ್ ಬ್ಯಾಂಕಿನವರಾದರೆ ಇನ್ನೂ ಸುಲಭ: ರಿಜಿಸ್ಟರ್ ಆದ ಫೋನಿನಿಂದ ಬ್ಲಾಕ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಹಾಕಿ 567676ಕ್ಕೆ ಮೆಸೇಜ್ ಕಳಿಸಿದರೆ ಆಯಿತು. ಪಾಸ್‌ಬುಕ್ ಮತ್ತು ಕಾರ್ಡನ್ನು ಒಂದೇ ಪರ್ಸಿನಲ್ಲಿ ಇಡುವುದನ್ನು ನಿಲ್ಲಿಸಿದ್ದೇವೆ.

ಹೊಸ ಕಾರ್ಡ್ ಬಂದಿದೆ. ಟ್ಯಾಪ್, ಆನ್‌ಲೈನ್ ಎರಡೂ ಆಫ್. ಕಾರ್ಡಿಗೆ ಶುಲ್ಕ ಹಿಡಿದಿದ್ದಾರೆ, ಅದನ್ನು ಬಿಡಿ ಅಂತ ಬರೆದಿದ್ದೇವೆ. ಒಟಿಪಿ ಮೆಸೇಜುಗಳು ಕನ್ನಡದಲ್ಲಿ ಬೇಕು, ಸಹಾಯವಾಣಿಯಲ್ಲಿ ಕಾರ್ಡ್ ಬ್ಲಾಕ್ ಮೊದಲನೇ ಆಯ್ಕೆಯಾಗಿ ಇರಬೇಕು ಅಂತ ಬ್ರಾಂಚಿನ ಮೂಲಕ ಇನ್ನೊಂದು ಅರ್ಜಿ ಕೊಟ್ಟಿದ್ದೇವೆ. ಮೇಲಿನ ಕಚೇರಿಗೆ ಕಳಿಸಿದ್ದೇವೆ ಅಂತ ಹೇಳಿದರು, ಉತ್ತರ ಇನ್ನೂ ಬಂದಿಲ್ಲ. ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯವರು ನಿಮ್ಮ ನಿಮ್ಮ ಬ್ರಾಂಚಿನಲ್ಲೂ ಇದೇ ಅರ್ಜಿ ಕೊಡಿ. ನಮ್ಮ ಅರ್ಜಿಯ ನಕಲು ಬೇಕಾದವರು ಕೇಳಿ, ಕಳಿಸುತ್ತೇನೆ. ಹೆಸರು, ಖಾತೆ ಸಂಖ್ಯೆ ಬದಲಿಸಿದರೆ ಸಾಕು.